ಕುಂಕುಮವಿಲ್ಲದ ಕರೆ

ನಮ್ಮ ಹಟ್ಟಿಯಲ್ಲಿ ಜನರನ್ನು ಕರೆಯುವುದಕ್ಕೆ ಒಂದು ಕ್ರಮವಿದೆ. ಇಬ್ಬರು ಮುತ್ತೈದೆಯರು ಹೊಸ್ತಿಲು ದಾಟಿ ಒಳಗೆ ಬರಬೇಕು. ಮನೆಯವಳ ಹಣೆಗೆ ಕುಂಕುಮ ಇಡಬೇಕು. ಇಂಥ ದಿನ ಇಂಥ ಕಾರ್ಯ ಅನ್ನಬೇಕು. ಹೊರಡುವಾಗ "ಬರ್ತೀವಿ" ಅನ್ನಬೇಕು. ಕಾರ್ಡು ಕೊಡುವುದಾದರೆ ಮೂಲೆಗಳಿಗೆ ಅರಿಶಿನ ಹಚ್ಚಿರಬೇಕು. ಇದ್ಯಾವುದೂ ಇಲ್ಲದೆ ಬರುವ ಕರೆ ಒಂದೇ, ಸಾವಿನದು. ಅದನ್ನು ತಂದವರು ಬೇಲಿಯಾಚೆಯೇ ನಿಂತು ಹೇಳುತ್ತಾರೆ, ಬರ್ತೀವಿ ಅನ್ನದೆ ಹೋಗುತ್ತಾರೆ.

ನನ್ನ ಅಕ್ಕ ನೇತ್ರಾವತಿ ಇಪ್ಪತ್ತೆರಡು ವರ್ಷ ಇದೇ ಹಟ್ಟಿಯಲ್ಲಿ ಬೆಳೆದವಳು. ಇದು ಗೊತ್ತಿಲ್ಲ ಅನ್ನುವ ಹಾಗಿಲ್ಲ. ಆದರೆ ಆರು ವರ್ಷದ ಹಿಂದೆ ಅವಳು ಶ್ರೀರಾಂಪುರದಲ್ಲಿ ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವ ದುರ್ಗೇಶನನ್ನು ಮದುವೆಯಾದಳು. ಅವನ ಜಾತಿ ಬೇರೆ. ಅದು ಸಾಲದು ಅಂತ ಅವನ ಮನೆಯವರು ಯೇಸುವಿನ ಪ್ರಾರ್ಥನೆಗೆ ಹೋಗುವವರು. ಹಟ್ಟಿಯ ಹಿರಿಯರು ಕೂತು ಅವಳನ್ನು ಹೊರಗಿಟ್ಟರು. ನಮ್ಮಪ್ಪ ಜುಂಜಯ್ಯ ಎಲ್ಲರೆದುರು ತಲೆ ಮೇಲೆ ಒಂದು ಕೊಡ ನೀರು ಸುರಿದುಕೊಂಡು "ನನಗೆ ಒಬ್ಬಳೇ ಮಗಳು" ಅಂದ. ಆ ಒಬ್ಬಳು ನಾನು. ಆವತ್ತು ನನಗೆ ಹದಿನಾಲ್ಕು ವರ್ಷ. ಅಪ್ಪನಿಗೆ ನೆಗಡಿಯಾಗಿತ್ತು, ಬಿಸಿನೀರು ಸುರಿದುಕೊಂಡ.

ಹೊಸದಾಗಿ ಸೇರಿದವರು ಹಳಬರಿಗಿಂತ ಬಿಗಿ ಇರುತ್ತಾರೆ. ಅಕ್ಕ ಬೊಟ್ಟು ತೆಗೆದಳು, ಗಾಜಿನ ಬಳೆ ತೆಗೆದಳು, ತಾಳಿಯನ್ನೂ ತೆಗೆದಳು. "ಬೇಕಾದ್ರೆ ಇಟ್ಕೋ" ಅಂತ ಗಂಡನೇ ಅಂದರೂ ಕೇಳಲಿಲ್ಲವಂತೆ. ಹಟ್ಟಿಯಲ್ಲಿದ್ದಾಗ ಯಾವ ಹಠದಿಂದ ಸೋಮವಾರ ಉಪವಾಸ ಇರುತ್ತಿದ್ದಳೋ ಅದೇ ಹಠದಿಂದ ಈಗ ಗುರುವಾರ ಇರುತ್ತಾಳೆ. ಪ್ರಾರ್ಥನೆಗೆ ಹೋಗುವಾಗ ಬಿಳಿ ಸೀರೆ. ದುರ್ಗೇಶ ವಾರದ ಆರು ದಿನ ತಾಮ್ರದ ತಂತಿ ಸುತ್ತಿ, ಏಳನೇ ದಿನ ಹಳೇ ಗೊಬ್ಬರದ ಗೋಡೌನಿನಲ್ಲಿ ಏಳೆಂಟು ಜನಕ್ಕೆ ಬೈಬಲ್ ಓದಿ ಹೇಳುತ್ತಾನೆ. ಗೋಡೌನಿಗೆ ಸುಣ್ಣ ಬಳಿದರೂ ಯೂರಿಯಾ ವಾಸನೆ ಹೋಗಿಲ್ಲ.

ಏಳೆಂಟೇ ಜನ ಅನ್ನುವುದೇ ತೊಂದರೆಯಾಗಿದ್ದು. ಚಿತ್ರದುರ್ಗದಲ್ಲಿ ಅವರಿಗೊಬ್ಬ ದೊಡ್ಡ ಪಾಸ್ಟರ್ ಇದ್ದಾರೆ. ಹುಟ್ಟಿದ ಹೆಸರು ಪ್ರಭುಲಿಂಗ. ಅರ್ಧ ಉಪಯೋಗಕ್ಕೆ ಬರುತ್ತದೆ ಅಂತ ಪ್ರಭುವನ್ನು ಇಟ್ಟುಕೊಂಡು ಲಿಂಗವನ್ನು ಬಿಟ್ಟಿದ್ದಾರೆ. ಅವರು ಈ ವರ್ಷ "ಸ್ನೇಹಿತರ ಭಾನುವಾರ" ಅಂತ ಒಂದು ಮಾಡಿದರು. ಪ್ರತಿ ಮನೆಯವರೂ ಸ್ನೇಹಿತರು, ನೆರೆಹೊರೆಯವರು ಸೇರಿ ಹತ್ತು ಹೊಸಬರನ್ನು ಕರೆತರಬೇಕು. ತಾವೇ ಬಂದು ನೋಡುತ್ತಾರೆ. ಜನ ಸೇರದಿದ್ದರೆ ಶ್ರೀರಾಂಪುರದ ಗೋಡೌನು ಬಿಟ್ಟು ಎಲ್ಲರೂ ಹೊಸದುರ್ಗದ ಪ್ರಾರ್ಥನೆಗೆ ಹೋಗಬೇಕು.

ಅಕ್ಕ ಇದನ್ನು ಗುರುವಾರ ಸಂಜೆ ಫೋನಿನಲ್ಲಿ ಹೇಳಿದಳು. ನಾನು ಹೊಸದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತೇನೆ. ಅವಳ ನಂಬರನ್ನು "ಲೈಬ್ರರಿ" ಅಂತ ಸೇವ್ ಮಾಡಿಕೊಂಡಿದ್ದೇನೆ.

"ಎಷ್ಟು ಜನ ಆದ್ರು?" ಅಂತ ಕೇಳಿದೆ.

"ಪಕ್ಕದ ಮನೆ ಟೀಚರ್ ಬರ್ತೀನಿ ಅಂದು ಮುಂದಿನ ವಾರ ಅಂದ್ರು. ಎದುರು ಮನೆಯೋರು ಬಿರಿಯಾನಿ ಐತಾ ಅಂತ ಕೇಳಿದ್ರು. ಐತೆ ಅಂದೆ. ಪಾರ್ಸಲ್ ಕಳ್ಸಿ ಅಂದ್ರು."

"ಮತ್ತೆ?"

"ಇವತ್ತು ಹಟ್ಟಿಗೆ ಹೋಗಿದ್ದೆ."

ನಾನು ಹಾಸ್ಟೆಲಿನ ಕೋಣೆಯ ಬಾಗಿಲು ಮುಚ್ಚಿದೆ.

"ಒಳಗೆ ಹೋಗ್ಲಿಲ್ಲ ಕಣೆ, ಬೇಲಿ ಹತ್ರ ನಿಂತಿದ್ದೆ. ಉಪವಾಸ ಪ್ರಾರ್ಥನೆ ಮುಗಿಸಿ ಹಂಗೇ ಬಂದಿದ್ದೆ. ಅವ್ವ ಶೇಂಗಾ ಬಿಡಿಸೋಕೆ ಹೋಗಿದ್ಲಂತೆ. ಆಚೆ ಮನೆ ಓಬಕ್ಕ ಇದ್ಲು. ಕಾರ್ಡ್ ಕೊಟ್ಟೆ. ಭಾನುವಾರ ಹತ್ತು ಗಂಟೆಗೆ ಎಲ್ರೂ ಬರ್ರಿ, ಅವ್ವನ್ನ ಕರ್ಕಂಡ್ ಬರ್ರಿ ಅಂದೆ. ಆಮೇಲೆ ಅಳು ಬಂತು, ಬಂದ್ಬಿಟ್ಟೆ."

"ಓಬಕ್ಕ ಏನಂದ್ಲು?"

"ಏನೂ ಅನ್ಲಿಲ್ಲ. ಅವಳೂ ಅತ್ಲು. ಹತ್ತು ಜನ ಏನು, ಹೆಂಗೋ ಆಗ್ತಾರೆ. ನನಗೆ ಅವ್ವ ಒಬ್ಳು ಬಂದ್ರೆ ಸಾಕು ರಂಜಿ. ಒಂದು ಸಲ ಬಂದು ನನ್ ಪಕ್ಕ ಕುಂತು ಹೋಗ್ಲಿ."

ಓಬಕ್ಕ ಯಾಕೆ ಅತ್ತಳು ಅಂತ ನಾನು ಆಗ ಯೋಚಿಸಲಿಲ್ಲ. ಹಟ್ಟಿಯ ಹೆಂಗಸರು ಬೇಗ ಅಳುತ್ತಾರೆ.

ಶನಿವಾರ ಸಂಜೆ ಬಸ್ಸಿಳಿದು ಮನೆಗೆ ಹೋದರೆ ಒಲೆ ಹಚ್ಚಿರಲಿಲ್ಲ. ಅವ್ವ ಗಂಗಕ್ಕ ಗೋಡೆಗೆ ಒರಗಿ ಕೂತಿದ್ದಳು. ಸುತ್ತ ಐದಾರು ಹೆಂಗಸರು. ಓಬಕ್ಕ ನನ್ನನ್ನು ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಮ್ ಭಾವ ಹೋಗ್ಬಿಟ್ನಲ್ಲೇ."

"ಎಲ್ಲಿಗೆ?" ಅಂದೆ.

"ಏನು ಹುಡುಗಿಯೇ ಇದು! ಸತ್ತೋದ ಅಂದ್ರೆ ಎಲ್ಲಿಗೆ ಅಂತಾಳೆ. ನೇತ್ರಿ ಬಂದಿದ್ಲು ಕಣೆ, ನಾನೇ ಕಣ್ಣಾರೆ ನೋಡ್ದೆ. ಬಿಳೀ ಸೀರೆ. ಹಣೇಲಿ ಕುಂಕುಮ ಇಲ್ಲ, ಕೈಯಾಗೆ ಬಳೆ ಇಲ್ಲ, ಕೊಳ್ಳಾಗೆ ತಾಳಿ ಇಲ್ಲ. ಬೇಲಿ ಆಚೆ ನಿಂತು ಚೀಟಿ ಕೊಟ್ಲು. ಭಾನುವಾರ ಕಾರ್ಯ ಅಂತ. ಅತ್ಕೊಂಡೇ ಹೋದ್ಲು, ಬರ್ತೀನಿ ಅಂತ ಒಂದ್ ಮಾತು ಅನ್ಲಿಲ್ಲ."

ಚೀಟಿ ಅವ್ವನ ಮಡಿಲಲ್ಲಿತ್ತು. ಬಿಳಿ ಕಾಗದ, ಕಪ್ಪು ಅಕ್ಷರ, ಅರಿಶಿನ ಇಲ್ಲ. ಮೇಲೆ ಒಂದು ಶಿಲುಬೆ, ಅದರ ಕೆಳಗೆ ದುರ್ಗೇಶ ಕೈಮುಗಿದ ಫೋಟೊ. ನಾನು ಓದಿದೆ. "ಪ್ರಿಯರೇ, ನಿಮ್ಮ ಭಾರಗಳನ್ನು ಇಳಿಸಲು ಬನ್ನಿರಿ. ಸ್ನೇಹಿತರ ಭಾನುವಾರ. ಬೆಳಿಗ್ಗೆ ಹತ್ತಕ್ಕೆ. ದೇವರ ವಾಕ್ಯ: ಸಹೋದರ ದುರ್ಗೇಶ್. ಊಟದ ವ್ಯವಸ್ಥೆ ಇರುತ್ತದೆ."

ಹಟ್ಟಿಯಲ್ಲಿ ಓದು ಬರುವವರು ಮೂವತ್ತು ಜನರಾದರೂ ಇದ್ದಾರೆ. ಕಾರ್ಡು ಒಂದು ಮನೆಯಿಂದ ಇನ್ನೊಂದಕ್ಕೆ ಎರಡು ದಿನ ಓಡಾಡಿದೆ. ಯಾರೂ ಫೋಟೊದಿಂದ ಕೆಳಗೆ ಇಳಿದಿಲ್ಲ. ಸಾವಿನ ಚೀಟಿಯನ್ನು ಪೂರ್ತಿ ಓದಬಾರದು, ಒಂದೇ ಮನೆಯಲ್ಲಿ ಇಟ್ಟುಕೊಳ್ಳಬಾರದು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಹೊರಗಿಟ್ಟವಳ ನಂಬರು ಇದೆ ಅಂತ ಯಾರು ಒಪ್ಪಿಕೊಳ್ಳುತ್ತಾರೆ?

ಹಿರಿಯ ಗೊಲ್ಲಪ್ಪ ಹೊರಗೆ ಕಟ್ಟೆ ಮೇಲೆ ಕೂತು ತೀರ್ಪು ಹೇಳುತ್ತಿದ್ದ. "ಮದುವೆಗೆ ಹೋಗಂಗಿಲ್ಲ, ನಾಮಕರಣಕ್ಕೆ ಹೋಗಂಗಿಲ್ಲ. ಆದ್ರೆ ಸಾವಿಗೆ ಕಟ್ಟು ಇಲ್ಲ ಕಣ್ರಪ್ಪ. ಹೋಗಾಣ. ಉಣ್ಣಾಣ. ಸಾವಿನ ಮನೆ ಊಟ ಬ್ಯಾಡ ಅನ್ನಬಾರ್ದು. ಬಂದು ತಲೆಗೆ ನೀರು ಹುಯ್ಕಂಡ್ರೆ ಆಯ್ತು."

ಎಂಥ ಉದಾರ ಮನಸ್ಸು! ಆರು ವರ್ಷದಲ್ಲಿ ಅಕ್ಕನಿಗೆ ಎರಡು ಸಲ ಬಸಿರು ಇಳಿಯಿತು. ಆಗ ಇವರಲ್ಲಿ ಒಬ್ಬರೂ ಶ್ರೀರಾಂಪುರದ ದಾರಿ ಹಿಡಿಯಲಿಲ್ಲ. ಈಗ ಗಂಡ ಸತ್ತ ಅಂದ ಕೂಡಲೇ ಕುರಿ ಸಾಗಿಸುವ ಟೆಂಪೊ ತೊಳೆಯುತ್ತಿದ್ದರು.

ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ದುರ್ಗೇಶ ಭಾವ ಅವತ್ತು ಬೆಳಿಗ್ಗೆಯೇ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದ. ಐವತ್ತು ಕುರ್ಚಿ ಬಾಡಿಗೆಗೆ ಹೇಳಿದೀನಿ, ಹೆಚ್ಚಾಯ್ತಾ ಅಂತ ಕೇಳಿದ್ದ. ಮೊಬೈಲು ಬ್ಯಾಗಿನಲ್ಲಿತ್ತು. ನಾನು ಬ್ಯಾಗಿಗೆ ಕೈ ಹಾಕಲಿಲ್ಲ. ಯಾಕೆಂದರೆ ಅವ್ವ ಆಗಲೇ ಓಬಕ್ಕನನ್ನು ಕೇಳುತ್ತಿದ್ದಳು, "ಟೆಂಪೊ ಎಷ್ಟೊತ್ತಿಗೆ?" ಅಕ್ಕನ ಹೆಸರೆತ್ತಿದರೆ ಹಾಲು ಒಡೆಯುತ್ತೆ ಅನ್ನುತ್ತಿದ್ದ ಹೆಂಗಸು ಅವಳು. ಅವ್ವ ಆ ಬಾಗಿಲು ದಾಟಲಿ, ಆಮೇಲೆ ಏನಾದರೂ ಆಗಲಿ ಅಂದುಕೊಂಡೆ. ಕಾರ್ಡನ್ನು ಮಡಚಿ ಅವ್ವನ ಕೈಗೆ ಕೊಟ್ಟು ಮುಖ ತೊಳೆಯಲು ಹೋದೆ. ಅಕ್ಕನಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ತಡೆದುಬಿಡುತ್ತಿದ್ದಳು. ಅವಳಿಗೆ ಸುಳ್ಳು ಆಗುವುದಿಲ್ಲ.

ಬೆಳಿಗ್ಗೆ ಟೆಂಪೊದಲ್ಲಿ ಮೂವತ್ತೊಂದು ಜನ. ಗಂಡಸರು ಅಂಚಿಗೆ ನಿಂತು ಈರುಳ್ಳಿ ರೇಟಿನ ಬಗ್ಗೆ ಮಾತಾಡುತ್ತಿದ್ದರು. ನಡುವೆ ನಡುವೆ ಯಾರಾದರೂ "ಪಾಪ, ಸಣ್ಣ ವಯಸ್ಸು" ಅಂದು ಮತ್ತೆ ಈರುಳ್ಳಿಗೆ ಹೋಗುತ್ತಿದ್ದರು. ಅಪ್ಪ ಡ್ರೈವರ್ ಪಕ್ಕ ಕೂತಿದ್ದ. ಅಳಿಯ ಅಂತ ಅವನು ಎಂದೂ ಒಪ್ಪಿದವನಲ್ಲ, ಆದರೆ ಅಳಿಯನ ಸಾವಿನಲ್ಲಿ ಮಾವನಿಗೆ ಮುಂದಿನ ಸೀಟು.

ಗೋಡೌನಿನ ಮುಂದೆ ಶಾಮಿಯಾನ. ಹಿಂದೆ ಬಿರಿಯಾನಿಯ ಹಂಡೆ. ಒಳಗೆ ಬಿಳಿ ಬಟ್ಟೆ ಹಾಸಿದ ಉದ್ದನೆ ಮೇಜು, ಮೇಲೆ ಸೇವಂತಿಗೆ ಹೂವು. ಅಕ್ಕ ಒಬ್ಬಳೇ ಕುರ್ಚಿ ಸರಿ ಮಾಡುತ್ತಿದ್ದಳು, ಬಿಳಿ ಸೀರೆ, ಬರಿ ಹಣೆ. ಭಾವ ದೊಡ್ಡ ಪಾಸ್ಟರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಮಾಮೂಲಿ ಬರುವ ಏಳು ಜನ ಮೂಲೆಯಲ್ಲಿ ಚಪ್ಪಾಳೆ ತಟ್ಟಿ ಹಾಡು ಅಭ್ಯಾಸ ಮಾಡುತ್ತಿದ್ದರು. ನಮ್ಮ ಹೆಂಗಸರು ಒಳಗೆ ಬಂದದ್ದೇ ಅವರ ಚಪ್ಪಾಳೆ ನಿಂತಿತು.

ಅವ್ವ ಬಾಗಿಲಲ್ಲಿ ಅಕ್ಕನನ್ನು ನೋಡಿದಳು. ಎರಡು ಕೈ ಚಾಚಿ ಓಡಿದಳು. ಅಕ್ಕನ ಕೊರಳು ತಬ್ಬಿ ಅವ್ವ ಕಿರುಚಿದ ಹಾಗೆ ಅತ್ತಳು. ಅಕ್ಕನೂ ಅಳತೊಡಗಿದಳು. ಆರು ವರ್ಷದ ಸಿಟ್ಟು ಕರಗಿತು, ಕರ್ತನು ಕರೆತಂದ ಅಂತ ಅವಳು ತಿಳಿದಿದ್ದಳು. "ಬಂದ್ಯಾ ಅವ್ವ, ಬಂದ್ಯಾ" ಅನ್ನುತ್ತಿದ್ದಳು. ಉಳಿದ ಹೆಂಗಸರು ಸುತ್ತ ಕೂತು ರಾಗ ಎತ್ತಿದರು. ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಸುಮ್ಮನೆ ಕೂರುವುದು ಮರ್ಯಾದೆಯಲ್ಲ. ಹೋದವರ ಗುಣ ಹೇಳಿಕೊಂಡು ಹಾಡಿ ಅಳಬೇಕು. ಮೊದಲ ಸಾಲು ಅವ್ವನದು.

"ಕುಡೀಲಿಲ್ಲ ಬಡೀಲಿಲ್ಲ ನನ್ನಪ್ಪಾ, ಮಿಕ್ಸಿ ತಂದಿಟ್ಟೆ, ಗ್ಯಾಸ್ ತಂದಿಟ್ಟೆ ನನ್ನಪ್ಪಾ. ನನ ಮಗಳು ಆಸ್ಪತ್ರೇಲಿ ಮಲಗಿದ್ರೆ ನೀನು ನೆಲದ ಮೇಲೆ ಮಲಗ್ದೆ. ಎರಡು ಕೂಸು ಇಳಿದ್ರೂ ಒಂದ್ ಮಾತು ಆಡ್ಲಿಲ್ಲ. ಎಂಥಾ ಅಳಿಯ ನನ್ನಪ್ಪಾ, ಒಂದ್ ಸಲ ಬಾ ಅನ್ಲಿಲ್ವಲ್ಲೋ ನಾನು, ಒಂದ್ ತುತ್ತು ಹಾಕ್ಲಿಲ್ವಲ್ಲೋ ದುರ್ಗೇಶಪ್ಪಾ..."

ಮಿಕ್ಸಿ, ಗ್ಯಾಸು, ಆಸ್ಪತ್ರೆಯ ನೆಲ, ಇದೆಲ್ಲ ನಾನು ಹೇಳಿದ್ದು. ರಜೆಗೆ ಹೋದಾಗಲೆಲ್ಲ ಪಾತ್ರೆ ತಿಕ್ಕುತ್ತಿದ್ದ ಅವ್ವನ ಬೆನ್ನಿಗೆ ಹೇಳುತ್ತಿದ್ದೆ. ಅವಳು ಪಾತ್ರೆಯನ್ನು ಇನ್ನಷ್ಟು ಸದ್ದು ಮಾಡುತ್ತಿದ್ದಳು. ಒಂದನ್ನೂ ಬಿಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ಬೈಕು ನಿಂತ ಸದ್ದಾಯಿತು. ದೊಡ್ಡ ಪಾಸ್ಟರ್ ಬಾಗಿಲಿಗೆ ಬಂದರು, ಹಿಂದೆ ಭಾವ. ಪಾಸ್ಟರ್ ಹದಿನೆಂಟು ಹೆಂಗಸರು ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುವುದನ್ನು ನೋಡಿದರು. ಅವರ ಮುಖ ಅರಳಿತು.

"ಸ್ತೋತ್ರ! ಹಲ್ಲೆಲೂಯ! ಆತ್ಮ ಇಳಿದಿದೆ, ಬ್ರದರ್! ಇನ್ನೂ ವಾಕ್ಯವೇ ಹೇಳಿಲ್ಲ, ಆಗಲೇ ಇಳಿದಿದೆ! ಈ ಪಶ್ಚಾತ್ತಾಪ ನಾನು ಚಿತ್ರದುರ್ಗದಲ್ಲೇ ಕಂಡಿಲ್ಲ." ಮೊಬೈಲು ತೆಗೆದು ವಿಡಿಯೊ ಮಾಡತೊಡಗಿದರು. ಮಾಮೂಲಿ ಏಳು ಜನಕ್ಕೆ ಧೈರ್ಯ ಬಂದು ಮತ್ತೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ನಮ್ಮ ಹೆಂಗಸರು ಇದು ಇವರ ಪದ್ಧತಿ ಇರಬೇಕು ಅಂದುಕೊಂಡು ಅದಕ್ಕೆ ತಕ್ಕ ಹಾಗೆ ಅಳು ಜೋರು ಮಾಡಿದರು.

ಭಾವ ಮಾತ್ರ ಅಲ್ಲಾಡದೆ ನಿಂತಿದ್ದ. ಪಕ್ಕದ ಊರಿನವನು. ಆ ರಾಗ ಸಾವಿನದು ಅಂತ ಅವನಿಗೆ ಗೊತ್ತು. ಹೆಸರು ಯಾರದು ಅಂತಲೂ ಕೇಳಿಸಿತ್ತು.

ಮೊದಲು ನೋಡಿದವನು ಗೊಲ್ಲಪ್ಪ. "ಲೇ! ಇವ್ನು ಇಲ್ಲೇ ಅವ್ನಲ್ಲಲೇ!"

ಅಳು ಒಂದೊಂದಾಗಿ ನಿಂತಿತು. ಓಬಕ್ಕ "ಅಯ್ಯೋ ದೆವ್ವಾ" ಅಂತ ಕುರ್ಚಿಯ ಹಿಂದೆ ಹೋದಳು. ಅವ್ವ ತಲೆಯೆತ್ತಿ ದುರ್ಗೇಶನನ್ನು ನೋಡಿದಳು. ಅವನು ಬೇರೇನೂ ತೋಚದೆ ಕೈಮುಗಿದ. ಫೋಟೊದಲ್ಲಿ ಇದ್ದ ಹಾಗೆಯೇ.

"ನೀನು ಸತ್ತಿಲ್ವಾ?" ಅಂದಳು ಅವ್ವ.

"ಇಲ್ಲ ಅತ್ತೆ," ಅಂದ ಭಾವ. ಕ್ಷಮೆ ಕೇಳುವ ಧ್ವನಿ ಅದು.

ತನ್ನ ಅಳುವಿನಲ್ಲೇ ಮುಳುಗಿದ್ದ ಅಕ್ಕನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಓಬಕ್ಕ ಕುರ್ಚಿಯ ಹಿಂದಿನಿಂದಲೇ ಎಲ್ಲ ಹೇಳಿದಳು, ಬಿಳಿ ಸೀರೆ, ಬರಿ ಹಣೆ, ಬೇಲಿ, ಅಳು. ಅಕ್ಕ ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ರಂಜಿ, ನೀನು ಕಾರ್ಡ್ ಓದ್ಲಿಲ್ವಾ?"

"ಓದ್ದೆ."

ಅವ್ವನ ಕೈ ನನ್ನ ಕೆನ್ನೆಗೆ ಬಿತ್ತು. ಅದು ಬೀಳಬೇಕಾದದ್ದೇ.

ಗಂಡಸರು ಬೈಯುತ್ತ ಹೊರಗೆ ನಡೆದರು. "ಸಾವಾಗ್ದ ಮನೇಲಿ ಹೆಂಗಸರ್ನ ಅಳ್ಸಿದಾರೆ. ಹಟ್ಟಿಗೆ ಏನಾಗ್ತದೋ," ಅಂದ ಗೊಲ್ಲಪ್ಪ. ಭಾವ ಹಿಂದೆಯೇ ಓಡಿದ. "ಬಂದಿದ್ದೀರಿ, ಊಟನಾದ್ರೂ ಮಾಡ್ಕಂಡ್ ಹೋಗ್ರಿ. ಕುಂತ್ಕಳ್ರಿ, ದೊಡ್ಡೋರು."

"ನಿನ್ ತಿಥಿ ಆಗಿದ್ರೆ ಉಣ್ತಿದ್ವಿ ಕಣಪ್ಪ," ಅಂದ ಗೊಲ್ಲಪ್ಪ. "ನೀನು ಬಡಿಸಿದ್ದು ಹೆಂಗ್ ಉಣ್ಣಾದು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ, ಬಿರಿಯಾನಿ ವಾಸನೆಯ ನಡುವೆ ನಿಂತು, ಹೃತ್ಪೂರ್ವಕವಾಗಿ ಹೇಳಿದ. ಅಪ್ಪ ಟೆಂಪೊದಿಂದ ಇಳಿದೇ ಇರಲಿಲ್ಲ.

ಒಳಗೆ ಅವ್ವ ಇನ್ನೂ ನೆಲದ ಮೇಲೆ ಕೂತಿದ್ದಳು. ಅಕ್ಕ ನೀರು ತಂದು ಕೊಟ್ಟಳು, ಅವ್ವ ಮುಟ್ಟಲಿಲ್ಲ. ಸೊಂಟದ ಚೀಲದಿಂದ ಉದುರಿದ ಎಲೆ ಅಡಿಕೆ ಆರಿಸಿ ತುಂಬಿಕೊಂಡು ಎದ್ದಳು. ನೆಲದಿಂದ ಕಂಕುಳಿಗೆ ಎತ್ತಿಕೊಂಡ ಪ್ಲಾಸ್ಟಿಕ್ ಕವರಿನಿಂದ ಸೀರೆಯ ತುದಿ ಇಣುಕಿತು. ಹೊಸದು, ಬೂದು ಬಣ್ಣದ್ದು. ಗಂಡ ಸತ್ತ ಮಗಳಿಗೆ ತವರಿನವರು ಒಂದು ಸೀರೆ ಉಡಿಸುತ್ತಾರೆ.

"ನಿನ್ನ ಕರ್ಕಂಡ್ ಹೋಗೋಕೆ ಬಂದಿದ್ದೆ," ಅಂದಳು ಅವ್ವ. "ಗೊಲ್ಲಪ್ಪನ್ನ ಕೇಳಿದ್ದೆ. ಗಂಡ ಇಲ್ದೋಳು ಎಲ್ಲಿ ಹೋಗ್ತಾಳೆ, ಕರ್ಕಂಡ್ ಬಾ ಅಂದಿದ್ದ. ಹಿಂದಿನ ಕೋಣೆ ಸಾರಿಸಿಟ್ಟಿದೀನಿ."

"ಇವರು ಚೆನ್ನಾಗೇ ಅವ್ರಲ್ಲವ್ವ."

"ಅದೇ ಮತ್ತೆ ಕಷ್ಟ."

ಅಕ್ಕ ಕವರಿನ ತುದಿ ಹಿಡಿದಳು. "ಸೀರೆ ಕೊಟ್ಟು ಹೋಗು. ನೀನು ತಂದಿದ್ದು, ಉಡ್ತೀನಿ."

ಅವ್ವ ಕವರನ್ನು ಹಿಂದಕ್ಕೆ ಎಳೆದುಕೊಂಡಳು. "ಥೂ, ಬಿಡ್ತು ಅನ್ನು. ಇದು ಗಂಡ ಸತ್ತೋಳಿಗೆ ಕೊಡೋದು. ಅವನು ಬದುಕಿ ಬಾಳೋ ಹುಡುಗ."

"ಹಂಗಾದ್ರೆ ಬೇರೆ ತಗಂಡ್ ಬಾ. ಬಣ್ಣದ್ದು. ಮುಂದಿನ ಭಾನುವಾರ ಬಾ."

"ಯಾರು ಕರೆದ್ರು ಅಂತ ಬರ್ಲಿ?"

"ಕರೆದ್ನಲ್ಲವ್ವ!"

"ಇದು ಕರೆಯೋದಾ? ಬೇಲಿ ಆಚೆ ನಿಂತು, ಹೆಣದ ಸುದ್ದಿ ಹೇಳ್ದಂಗೆ? ಹಣೆಗೆ ಒಂದ್ ಚೂರು ಕುಂಕುಮ ಇಟ್ಕ. ನಮ್ ಮನೆ ಒಳಗೆ ಬಾ. ನನ್ ಹಣೆಗೆ ಇಟ್ಟು ಬಾರವ್ವ ಅನ್ನು. ಯಾವನು ಅಡ್ಡ ಬರ್ತಾನೋ ನೋಡ್ತೀನಿ. ನಡ್ಕಂಡ್ ಬರ್ತೀನಿ. ನಿಮ್ ಯೇಸು ಮುಂದೇನೇ ಕುಂತ್ಕತೀನಿ, ಬೇಕಾದ್ರೆ ಚಪ್ಪಾಳೆನೂ ತಟ್ತೀನಿ."

ಅವ್ವ ಇದಕ್ಕಿಂತ ಹೆಚ್ಚು ಯಾರಿಗೂ ಬಾಗಿದವಳಲ್ಲ. ಹೇಳು, ಹ್ಞೂ ಅನ್ನು ಅಂತ ಅಕ್ಕನನ್ನೇ ನೋಡಿದೆ. ಒಂದು ಚಿಟಿಕೆ ಕೆಂಪು ಪುಡಿ. ದಾರಿಯಲ್ಲಿ ಒರೆಸಿಕೊಳ್ಳಬಹುದು.

ಅಕ್ಕ ತಲೆಯಾಡಿಸಿದಳು. "ಅದೊಂದು ಆಗಲ್ಲವ್ವ. ನಾನು ಬಿಟ್ಟಿದ್ದೀನಿ."

"ಹೆತ್ತೋಳಿಗೋಸ್ಕರನೂ ಆಗಲ್ವಾ?"

"ಆಗಲ್ಲ. ನೀನು ಹಂಗೇ ಬಾ."

"ಹಂಗೇ ನಾನು ಬರೋದು ಸಾವಿಗೆ ಮಾತ್ರ," ಅಂದು ಅವ್ವ ಹೊರಗೆ ನಡೆದಳು. ಬಾಗಿಲಲ್ಲಿ ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವ್ವ ಅವನ ಮುಖ ನೋಡಲಿಲ್ಲ. ನನಗೆ ಮಾತ್ರ "ನೀನು ಬಸ್ಸಿಗೆ ಬಾ, ನಿನ್ ಪಕ್ಕ ನಾನ್ ಕೂರಲ್ಲ" ಅಂದಳು. ಟೆಂಪೊ ಹೊರಟಿತು. ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಬಂತು ಅಂತ ನನಗೆ ಹೇಳಲಾಗದು. ಆ ಚಿಟಿಕೆಯ ಒಂದೊಂದು ಬದಿಗೆ ಒಬ್ಬೊಬ್ಬರು ನಿಂತಿದ್ದರು. ದೇವರಿಗಾಗಿ ಅಂತ ಇಬ್ಬರೂ ಹೇಳುತ್ತಾರೆ. ಹಠ ಮಾತ್ರ ನಮ್ಮ ಮನೆತನದ್ದು.

ಆರಾಧನೆ ಹನ್ನೊಂದಕ್ಕೆ ಶುರುವಾಯಿತು. ಮಾಮೂಲಿ ಏಳು ಜನ, ಅಕ್ಕ, ಭಾವ, ನಾನು. ಖಾಲಿ ಕುರ್ಚಿಗಳ ಮುಂದೆ ದೊಡ್ಡ ಪಾಸ್ಟರ್ ತುಂಬ ಉತ್ಸಾಹದಲ್ಲಿದ್ದರು. ಮೂವತ್ತೊಂದು ಜನ ಬಂದದ್ದು ವಿಡಿಯೊದಲ್ಲಿದೆ. ಗೋಡೌನು ಬಿಡುವ ಪ್ರಶ್ನೆಯೇ ಇಲ್ಲ ಅಂದರು. ಭಾವ ನಡೆದದ್ದನ್ನು ಮೆಲ್ಲಗೆ ವಿವರಿಸಲು ಹೋದ. "ಅದೆಲ್ಲ ಇರಲಿ ಬ್ರದರ್. ಯಾವ ಕಾರಣಕ್ಕೆ ಬಂದರು ಅನ್ನೋದು ಮನುಷ್ಯರ ಲೆಕ್ಕ. ಬಂದರಲ್ಲ!" ಅಂದರು. ಆಮೇಲೆ ಮೈಕನ್ನು ಅಕ್ಕನ ಕೈಗೆ ಕೊಟ್ಟು ಮೊಬೈಲನ್ನು ಅವಳ ಮುಖಕ್ಕೆ ಹಿಡಿದರು.

"ಸಾಕ್ಷಿ ಹೇಳಿ ಸಿಸ್ಟರ್. ಆರು ವರ್ಷ ಮುಖ ನೋಡದ ತಾಯಿ ಇವತ್ತು ದೇವರ ಮನೆಗೆ ಬಂದರು. ಅಷ್ಟೇ ಹೇಳಿ ಸಾಕು, ಚಿಕ್ಕದಾಗಿ."

ಅಕ್ಕ ಎದ್ದಳು. ಮೈಕು ಒಂದು ಸಲ ಕುಯ್ಯೆಂದಿತು. ಭಾವ ಅವಳನ್ನೇ ನೋಡುತ್ತಿದ್ದ.

"ನಮ್ಮವ್ವ ಇನ್ನೂ ಬಂದಿಲ್ಲ," ಅಂದಳು. ಮೈಕನ್ನು ಮೇಜಿನ ಮೇಲಿಟ್ಟು ಕೂತಳು.

ದೊಡ್ಡ ಪಾಸ್ಟರ್ ಅಭ್ಯಾಸದಂತೆ "ಆಮೆನ್" ಅಂದುಬಿಟ್ಟರು. ಏಳು ಜನರೂ ಅಂದರು.